ಹಳೆಯ ಲ್ಯಾಪ್‌ಟಾಪ್ ಪೆನ್‌ಡ್ರೈವ್‌ನಿಂದ ಬೂಟ್ ಆಗ್ತಿಲ್ಲ, ಮದರ್‌ಬೋರ್ಡ್ ಹೋಗಿದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. 2011ರ ಲ್ಯಾಪ್‌ಟಾಪ್, ಅದರಲ್ಲಿರುವ ವಿಂಡೋಸ್ 7 ತೆಗೆದು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಅದಕ್ಕೆ ರೂಫಸ್ ಎಂಬ ತಂತ್ರಾಂಶದಲ್ಲಿ ಬೂಟ್ ಪೆನ್‌ಡ್ರೈವ್ ಮಾಡಿಕೊಂಡಿದ್ದೀರಿ. ಗೆಳೆಯರ ಹೊಸ ಲ್ಯಾಪ್‌ಟಾಪ್‌ನಲ್ಲಿ ಅದು ಚೆನ್ನಾಗಿ ಬೂಟ್ ಆಗುತ್ತದೆ, ನಿಮ್ಮದರಲ್ಲಿ ಮಾತ್ರ ಕಪ್ಪು ಪರದೆ, ಮೂಲೆಯಲ್ಲಿ ಮಿನುಗುವ ಕರ್ಸರ್. ಅಂಗಡಿಯವರು ನೋಡಿ ಮದರ್‌ಬೋರ್ಡ್ ಹೋಗಿದೆ ಎಂದರಂತೆ.

ಹೋಗಿಲ್ಲ. ವಿಂಡೋಸ್ 7 ಈಗಲೂ ಶುರುವಾಗುತ್ತದೆ ಎಂದು ನೀವೇ ಬರೆದಿದ್ದೀರಿ ಅಲ್ವಾ? ಮದರ್‌ಬೋರ್ಡ್ ಹೋಗಿದ್ದರೆ ಅದೆಲ್ಲಿಂದ ಶುರುವಾಗಬೇಕು? ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ.

ತೊಂದರೆ ಇರುವುದು ಪೆನ್‌ಡ್ರೈವ್ ಮಾಡಿದ ರೀತಿಯಲ್ಲಿ. ಹೊಸ ಲ್ಯಾಪ್‌ಟಾಪ್‌ಗಳು ಯುಇಎಫ್ಐ ಎಂಬ, ಯಂತ್ರವನ್ನು ಶುರುಮಾಡುವ ತಂತ್ರಾಂಶದ ಮೂಲಕ ಶುರುವಾಗುತ್ತವೆ. ಅದು ಪೆನ್‌ಡ್ರೈವ್‌ನ ಒಳಗೆ ಇಎಫ್ಐ ಎಂಬ ಫೋಲ್ಡರ್ ಹುಡುಕಿ, ಅಲ್ಲಿರುವ ಫೈಲನ್ನು ಓಡಿಸುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕೆಲಸ ಮಾಡುವ ಬಯೋಸ್‌ಗೆ ಫೈಲು, ಫೋಲ್ಡರು ಯಾವುದೂ ಗೊತ್ತಿಲ್ಲ. ಡ್ರೈವ್‌ನ ಮೊಟ್ಟಮೊದಲ 512 ಬೈಟ್ ಓದಿ, ಅಲ್ಲಿ ಸಿಗುವ ಪುಟ್ಟ ಕೋಡ್‌ಗೆ ಕೆಲಸ ಒಪ್ಪಿಸಿ ಸುಮ್ಮನಾಗುತ್ತದೆ. ಆ ಜಾಗದಲ್ಲಿ ಸರಿಯಾದ ಕೋಡ್ ಇಲ್ಲದಿದ್ದರೆ ನೀವು ಕಂಡ ಕರ್ಸರ್ ಹಾಗೇ ಮಿನುಗುತ್ತಾ ಕೂರುತ್ತದೆ, ಇಲ್ಲವೇ 'ನೋ ಬೂಟಬಲ್ ಡಿವೈಸ್' ಎಂದು ಬರುತ್ತದೆ. ಐಎಸ್‌ಒ (ಇಡೀ ಮಿಂಟ್ ಒಂದೇ ಫೈಲಾಗಿ ಇಳಿಯುವುದು) ಬಿಚ್ಚಿ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದ ಪೆನ್‌ಡ್ರೈವ್ ಹಳೆಯ ಯಂತ್ರಗಳಲ್ಲಿ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ.

ನಿಮ್ಮದು ಯಾವ ಬಗೆ ಎಂದು ವಿಂಡೋಸ್ 7ರಿಂದಲೇ ನೋಡಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಕೆಳಗೆ ಎಡಕ್ಕೆ 'ಡಿಸ್ಕ್ 0' ಎಂದಿರುವ ಕಡೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಆಮೇಲೆ ವಾಲ್ಯೂಮ್ಸ್. ಪಾರ್ಟಿಷನ್ ಸ್ಟೈಲ್ ಎಂಬಲ್ಲಿ ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ರೀತಿ) ಇದ್ದರೆ ನಿಮ್ಮ ವಿಂಡೋಸ್ ಹಳೆಯ ಬಯೋಸ್ ರೀತಿಯಲ್ಲೇ ಓಡುತ್ತಿದೆ. 2011ರದ್ದಾದ್ದರಿಂದ ಅದೇ ಇರುತ್ತದೆ ಎಂದು ನನ್ನ ಊಹೆ. ಯುಇಎಫ್ಐ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಮಾಮೂಲಾದದ್ದು 2012ರಲ್ಲಿ ವಿಂಡೋಸ್ 8 ಬಂದ ಮೇಲೆ.

ಈಗ ಪೆನ್‌ಡ್ರೈವ್ ಮತ್ತೆ ಮಾಡಿ. ರೂಫಸ್‌ನಲ್ಲಿ 'ಪಾರ್ಟಿಷನ್ ಸ್ಕೀಮ್' ಎಂಬ ಆಯ್ಕೆ ಇದೆ, ಜಾಸ್ತಿ ಜನ ಅದನ್ನು ನೋಡದೇ ಸ್ಟಾರ್ಟ್ ಒತ್ತಿಬಿಡುತ್ತಾರೆ. ಅಲ್ಲಿ ಜಿಪಿಟಿ (ಭಾಗ ಮಾಡುವ ಹೊಸ ರೀತಿ) ಇದ್ದರೆ ಆ ಪೆನ್‌ಡ್ರೈವ್ ಯುಇಎಫ್ಐ ಯಂತ್ರಗಳಿಗೆ ಮಾತ್ರ. ಗೆಳೆಯರದ್ದರಲ್ಲಿ ಓಡಿ ನಿಮ್ಮದರಲ್ಲಿ ಓಡದಿರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ. ಎಂಬಿಆರ್ ಆರಿಸಿ. ಸ್ಟಾರ್ಟ್ ಒತ್ತಿದ ಮೇಲೆ ಐಎಸ್‌ಒ ಮೋಡ್ ಬೇಕೋ ಡಿಡಿ ಮೋಡ್ ಬೇಕೋ ಎಂದು ಕೇಳುತ್ತದೆ. ಮೊದಲು ಐಎಸ್‌ಒ ಮೋಡ್ ನೋಡಿ, ಅದೂ ಬೂಟ್ ಆಗದಿದ್ದರೆ ಡಿಡಿ. ಡಿಡಿಯಲ್ಲಿ ಐಎಸ್‌ಒ ಇದ್ದದ್ದು ಇದ್ದಂತೆ ಪೆನ್‌ಡ್ರೈವ್ ಮೇಲೆ ಬರೆಯಲಾಗುತ್ತದೆ, ಮಿಂಟ್‌ನ ಐಎಸ್‌ಒ ಎರಡೂ ಬಗೆಯ ಯಂತ್ರಗಳಲ್ಲಿ ಶುರುವಾಗುವಂತೆ ತಯಾರಾಗಿರುವುದರಿಂದ ಇದು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಭರವಸೆಯ ದಾರಿ. ಇದಾದ ಮೇಲೆ ಒಂದು ವಿಷಯ ನೆನಪಿರಲಿ: ವಿಂಡೋಸ್ ಆ ಪೆನ್‌ಡ್ರೈವ್ ನೋಡಿ 'ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳಬಹುದು. ಕ್ಯಾನ್ಸಲ್ ಒತ್ತಿ. ಸರಿ ಎಂದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಐಎಸ್‌ಒ ಫೈಲೇ ಅರ್ಧಂಬರ್ಧ ಇಳಿದಿದ್ದರೆ ಏನು ಮಾಡಿದರೂ ಪ್ರಯೋಜನವಿಲ್ಲ. ಮಿಂಟ್‌ನವರು ಕೊಟ್ಟಿರುವ ಎಸ್‌ಎಚ್‌ಎ256 ಸಂಖ್ಯೆಯ (ಫೈಲಿನ ಬೆರಳಚ್ಚು ಇದ್ದಂತೆ) ಜೊತೆ ನಿಮ್ಮ ಫೈಲನ್ನು ತಾಳೆ ನೋಡಿ. ಸೆವೆನ್‌ಜಿಪ್ ಎಂಬ ತಂತ್ರಾಂಶ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೇ ಆ ಸಂಖ್ಯೆ ಸಿಗುತ್ತದೆ.

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಯಾವುದರಿಂದ ಶುರುವಾಗಬೇಕು ಎಂದು ಆರಿಸುವ ಬೂಟ್ ಮೆನುವಿಗೆ ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಥಿಂಕ್‌ಪ್ಯಾಡ್‌ನಲ್ಲಿ ಎಫ್12. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯೋಸ್ ಒಳಗೆ ಹೋಗಿ ಎನೇಬಲ್ ಮಾಡಬೇಕಾಗಬಹುದು. ಮೆನುವಿನಲ್ಲಿ ಪೆನ್‌ಡ್ರೈವ್ ಕಾಣದಿದ್ದರೆ ಹೆದರಬೇಡಿ, ಕೆಲವು ಬಯೋಸ್‌ಗಳು ಅದನ್ನು ಹಾರ್ಡ್ ಡಿಸ್ಕ್‌ಗಳ ಪಟ್ಟಿಯೊಳಗೆ ಸೇರಿಸಿರುತ್ತವೆ, ಅಲ್ಲಿ ಹೋಗಿ ಮೇಲಕ್ಕೆ ತರಬೇಕು. ಅಲ್ಲೂ ಇಲ್ಲವಾದರೆ ಪೋರ್ಟ್ ಬದಲಿಸಿ. ನೀಲಿ ಬಣ್ಣದ್ದು ಯುಎಸ್‌ಬಿ 3.0, ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಅದರಿಂದ ಬೂಟ್ ಆಗುವುದಿಲ್ಲ. ಕಪ್ಪು ಪೋರ್ಟ್‌ಗೇ ಹಾಕಿ, ಹಬ್ ಮೂಲಕ ಬೇಡ.

ಇನ್ನೊಂದು. ಲ್ಯಾಪ್‌ಟಾಪ್‌ನ ತಾರೀಖು ಪ್ರತಿ ಸಲ ಹಳೆಯದಕ್ಕೆ ಹೋಗುತ್ತಿದೆಯಾ? ಹಾಗಿದ್ದರೆ ಸಿಮೋಸ್ ಬ್ಯಾಟರಿ ಮುಗಿದಿದೆ, ನೀವು ಬದಲಿಸಿದ ಬೂಟ್ ಆರ್ಡರ್ ಕೂಡ ಅದರ ಜೊತೆ ಮರೆತುಹೋಗುತ್ತಿರಬಹುದು. ನಾಣ್ಯದಂಥ ಸಣ್ಣ ಸೆಲ್, ಹೆಚ್ಚಾಗಿ ಸಿಆರ್2032, ಲ್ಯಾಪ್‌ಟಾಪ್‌ಗಳಲ್ಲಿ ವೈರ್ ಜೊತೆ ಬರುವುದೂ ಉಂಟು. ಅದು ಅಗ್ಗದ್ದು, ಮದರ್‌ಬೋರ್ಡ್‌ನ ಬೆಲೆಗೆ ಹೋಲಿಸುವಂತೆಯೇ ಇಲ್ಲ.

ಮಿಂಟ್‌ನ ಮೆನು ಬಂದು ಆಮೇಲೆ ಪರದೆ ಕಪ್ಪಾದರೆ ಅದು ಬೂಟ್ ತೊಂದರೆಯಲ್ಲ, ಗ್ರಾಫಿಕ್ಸ್ ತೊಂದರೆ. ಪೆನ್‌ಡ್ರೈವನ್ನು ಮತ್ತೆ ಮುಟ್ಟಬೇಡಿ, ಅದೇ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಮಿಂಟ್ ಆರಿಸಿದ್ದು ಒಳ್ಳೆಯದಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ನಿಮ್ಮದರಲ್ಲಿ ಅದು ಇರುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಅದು ಹಗುರ.

ಪೆನ್‌ಡ್ರೈವ್‌ನಿಂದ ಡೆಸ್ಕ್‌ಟಾಪ್ ಬಂದ ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ಅಲ್ಲಿಂದಲೇ ಹಳೆಯ ಡಿಸ್ಕ್ ತೆರೆದು ಫೋಟೋ, ಕಾಗದಪತ್ರ ಎಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ, ವೈಫೈ, ಸೌಂಡ್ ಸರಿಯಿದೆಯಾ ನೋಡಿ. ಇಷ್ಟಾದರೂ ಬೂಟ್ ಆಗದಿದ್ದರೆ ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ಸಂಖ್ಯೆ ಮತ್ತು ಪರದೆ ಮೇಲೆ ಬಂದ ಸಾಲನ್ನು ಅಕ್ಷರ ಬಿಡದೆ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.