ಲೈನ್‌ಮನೆಯಿಂದ ಆರೋಗ್ಯ ಕೇಂದ್ರದವರೆಗೆ

ಪ್ರಶ್ನೆ: ನಮ್ಮ ಊರು ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಹತ್ತಿರದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರವಿದ್ದರೂ, ಕಾಫಿ ತೋಟದಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್‌ಮನೆಗಳ ಕಾರ್ಮಿಕರು ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿ ನುಂಗುತ್ತಾರೆ. ಕಾಯಿಲೆ ಜೋರಾದ ಮೇಲೆ ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಓಡುತ್ತಾರೆ. ಇದಕ್ಕೆ ತಿಳಿವಳಿಕೆಯ ಕೊರತೆಯೇ ಕಾರಣವೇ?
– ಓದುಗರೊಬ್ಬರು, ಕೊಡಗು

ಉತ್ತರ: ತಿಳಿವಳಿಕೆಯ ಮಾತಿಗಿಂತ ಮೊದಲು ಕೂಲಿಯ ಲೆಕ್ಕವನ್ನು ನೋಡಬೇಕು. ಆರೋಗ್ಯ ಕೇಂದ್ರದಲ್ಲಿ ವೈದ್ಯರು ರೋಗಿಗಳನ್ನು ನೋಡುವ ಹೊತ್ತಿಗೆ ತೋಟದಲ್ಲಿ ಕೆಲಸ ನಡೆಯುತ್ತಿರುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಎಷ್ಟು ಕಿಲೋ ಹಣ್ಣು ಕೊಯ್ದರೋ ಅಷ್ಟಕ್ಕೆ ಕೂಲಿ ಸಿಗುವುದರಿಂದ, ಉಚಿತ ಮಾತ್ರೆಗೆಂದು ಹೋದ ಹೆಣ್ಣುಮಗಳು ಅಂದಿನ ಸಂಪಾದನೆಯನ್ನೂ ಜೀಪಿನ ಬಾಡಿಗೆಯನ್ನೂ ಕಳೆದುಕೊಳ್ಳುತ್ತಾಳೆ. ಮೆಡಿಕಲ್ ಶಾಪು ಸಂಜೆಯೂ ತೆರೆದಿರುತ್ತದೆ. ಅಲ್ಲಿ ತಂದ ಬಿಪಿ ಮಾತ್ರೆ ಹತ್ತು ದಿನದಲ್ಲಿ ಮುಗಿಯುತ್ತದೆ, ತಲೆನೋವು ಇಳಿದಿರುತ್ತದೆ, ಮತ್ತೆ ತರುವವರಿಲ್ಲ. ಒಳಗೊಳಗೇ ಏರುವ ರಕ್ತದೊತ್ತಡ ಲಕ್ವ ಹೊಡೆದಾಗಲೇ ಮನೆಯವರಿಗೆ ಗೊತ್ತಾಗುವುದು. ನನ್ನನ್ನು ತೀರ ನೋಯಿಸುವ ಸಂಗತಿ ಇದು.

ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನರಿಗೆ ಅದರ ಕೆಳಗಿನ ಒಂದು ಉಪಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಜನರು ಮರೆತಿರುವುದು ಈ ಉಪಕೇಂದ್ರವನ್ನೇ. 2018ರಿಂದ ಇವುಗಳನ್ನು ಮೇಲ್ದರ್ಜೆಗೇರಿಸುತ್ತ ಬಂದಿದ್ದು, ಹಾಗೆ ಬದಲಾದ ಕಡೆ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರು ಮೂವತ್ತು ದಾಟಿದವರ ಬಿಪಿ, ಸಕ್ಕರೆ ಪರೀಕ್ಷಿಸಿ, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ತಿಂಗಳು ತಿಂಗಳು ಕೊಡುತ್ತಾರೆ. ಪ್ರತಿ ಸಲವೂ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಕೊಯ್ಲಿಗೆಂದು ಹೊರಗಿನಿಂದ ಬಂದ ಕುಟುಂಬಗಳ ಸ್ಥಿತಿ ಇನ್ನೂ ಕಷ್ಟದ್ದು. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲವಾದ್ದರಿಂದ ಮಕ್ಕಳ ಚುಚ್ಚುಮದ್ದು, ಬಸುರಿಯರ ತಪಾಸಣೆ ತಪ್ಪಿಹೋಗುತ್ತವೆ. ಹೊಸಬರು ಲೈನ್‌ಮನೆಗೆ ಬಂದ ದಿನವೇ ತೋಟದ ಲೆಕ್ಕ ಬರೆಯುವ ರೈಟರು ಆಶಾಗೆ ಒಂದು ಫೋನು ಮಾಡಿದರೆ ಸಾಕು. ಬಸುರಿಯ ತಪಾಸಣೆ, ಮಗುವಿನ ಚುಚ್ಚುಮದ್ದು ಬರೆದಿಡುವ ತಾಯಿ ಕಾರ್ಡನ್ನು ಊರಿನಲ್ಲಿ ಬಿಟ್ಟುಬರದಂತೆ, ಕೆಲಸಕ್ಕೆ ಜನರನ್ನು ಕರೆತರುವ ಮೇಸ್ತ್ರಿಯೂ ಮೊದಲೇ ಹೇಳಬಹುದು.

ನೀವು ಮಾಡಬಹುದಾದದ್ದೂ ಇದೆ. ಗ್ರಾಮ ಪಂಚಾಯಿತಿ ಸದಸ್ಯರೊಂದಿಗೆ ವೈದ್ಯಾಧಿಕಾರಿಗಳನ್ನು ಕಂಡು, ವಾರದ ರಜೆಯ ದಿನ ಅಥವಾ ಸಂಜೆಯ ಹೊತ್ತು ಲೈನ್‌ಮನೆಗಳ ಬಳಿಯೇ ತಪಾಸಣೆ ಏರ್ಪಡಿಸಲು ಲಿಖಿತ ಮನವಿ ಕೊಡಿ. ಹಾವು ಕಡಿತದ ಔಷಧ ಸದಾ ದಾಸ್ತಾನಿರುವ ಹತ್ತಿರದ ಆಸ್ಪತ್ರೆ ಯಾವುದೆಂಬುದನ್ನೂ ಅವರಿಂದಲೇ ಕೇಳಿ ತಿಳಿದು, ಮಳೆಗಾಲಕ್ಕೆ ಮುನ್ನ ಪ್ರತಿ ಲೈನಿನವರಿಗೂ ತಿಳಿಸಿ.