ಅರ್ಧ ಬೆಲೆಯ ಇನ್ನರ್ಧ ಯಾರ ಜೇಬಿನದು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಊಟ-ತಿಂಡಿ ಸೇರಿ ತಲೆಗೆ ದಿನಕ್ಕೆ ₹2,000. ಆನ್‌ಲೈನ್ ಡೀಲ್ ಕಂಪನಿಯೊಂದು ‘ಅರ್ಧ ಬೆಲೆಗೆ ನೂರು ಕೂಪನ್ ಬಿಡಿ, ಮಳೆಗಾಲದಲ್ಲೂ ರೂಮು ತುಂಬುತ್ತೆ’ ಎನ್ನುತ್ತಿದೆ. ಮಾರಿದ್ದರಲ್ಲಿ ಅರ್ಧ ಅವರ ಕಮಿಷನ್. ಒಪ್ಪಬಹುದೇ?

ಉತ್ತರ: ಈ ಷರತ್ತಿಗೆ ಬೇಡ. ಕೂಪನ್ ₹1,000ಕ್ಕೆ ಮಾರಿದರೆ ಕಮಿಷನ್ ₹500, ಅದರ ಮೇಲೆ 18% ಜಿಎಸ್‌ಟಿ ₹90. ನಿಮ್ಮ ಕೈಗೆ ಉಳಿಯುವುದು ₹410. ‘ರೂಮು ಹೇಗೂ ಖಾಲಿ ಬಿದ್ದಿರುತ್ತೆ, ಬಂದಷ್ಟು ಲಾಭ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅತಿಥಿ ಬಂದರೆ ಮಾತ್ರ ಆಗುವ ಖರ್ಚನ್ನು ಬೇರೆ ಬರೆದುಕೊಳ್ಳಿ: ಎರಡು ಊಟ, ತಿಂಡಿ, ಕಾಫಿ, ಬಿಸಿನೀರಿನ ಸೌದೆ, ಬೆಡ್‌ಶೀಟ್ ಒಗೆತ, ಕೆಲಸದವರ ಕೂಲಿ. ತಲೆಗೆ ₹700 ಆಗುತ್ತದೆ ಎಂದಿಟ್ಟುಕೊಂಡರೂ ಪ್ರತಿ ಕೂಪನ್ನಿಗೆ ₹290 ಕೈಬಿಟ್ಟು ಹೋಗುತ್ತದೆ. ನೂರಕ್ಕೆ ₹29,000.

30% ರಿಯಾಯಿತಿ, 20% ಕಮಿಷನ್‌ಗೆ ಒಪ್ಪುತ್ತಾರಾ ಕೇಳಿ ನೋಡಿ. ಆಗ ಕೂಪನ್ ₹1,400; ಕಮಿಷನ್, ಜಿಎಸ್‌ಟಿ ಕಳೆದು ಕೈಗೆ ಸುಮಾರು ₹1,070, ಖರ್ಚು ಹೋಗಿ ₹370 ಉಳಿಯುತ್ತದೆ.

2008ರಲ್ಲಿ ಷಿಕಾಗೋದಲ್ಲಿ ಇಂಥದ್ದೇ ಡೀಲ್ ಕಂಪನಿ ಗ್ರೂಪಾನ್ ಶುರುವಾದಾಗ ಇಂತಿಷ್ಟು ಜನ ಸೇರಿದರೆ ಮಾತ್ರ ಡೀಲ್ ಜಾರಿ ಎಂಬ ನಿಯಮವಿತ್ತು. ನಿಮ್ಮನ್ನು ಕಾಪಾಡುವುದು ಆ ಕನಿಷ್ಠ ಸಂಖ್ಯೆಯಲ್ಲ, ಗರಿಷ್ಠ ಸಂಖ್ಯೆ. ನೂರರ ಬದಲು ಮೂವತ್ತಕ್ಕೆ ನಿಲ್ಲಿಸಿ. ಸೋಮವಾರದಿಂದ ಗುರುವಾರದವರೆಗೆ ಮಾತ್ರ, ದಸರಾ ಮತ್ತು ಸಾಲು ರಜೆಗೆ ಇಲ್ಲ, ಎರಡು ದಿನ ಮೊದಲೇ ಫೋನ್ ಮಾಡಬೇಕು ಎಂದು ಕೂಪನ್ನಿನ ಮೇಲೇ ಅಚ್ಚಾಗಿರಲಿ. ಬಳಕೆಯಾಗದೆ ಉಳಿದ ಕೂಪನ್ನಿನ ಹಣ ಯಾರಿಗೆ, ನಿಮ್ಮ ಪಾಲು ಎಷ್ಟು ದಿನದಲ್ಲಿ ಬರುತ್ತದೆ ಎಂಬುದು ಕರಾರಿನಲ್ಲಿ ಇರಲೇಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ನಾವು ಹನ್ನೆರಡು ಮನೆಯವರು ಸೇರಿ ಆನ್‌ಲೈನ್‌ನಲ್ಲಿ ಅಕ್ಕಿ, ಎಣ್ಣೆ ತರಿಸುತ್ತೇವೆ. ನಿಜವಾಗಿ ಉಳಿತಾಯ ಆಗುತ್ತಿದೆಯಾ ಎಂಬುದೇ ತಿಳಿಯುತ್ತಿಲ್ಲ.

ಉತ್ತರ: ಎಣ್ಣೆಯಲ್ಲಿ ಎಡವುವುದು ಲೀಟರ್-ಕೆಜಿ ಗೊಂದಲದಿಂದ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಕೆಜಿ ಟಿನ್ನಿನಲ್ಲಿ ಸುಮಾರು 16.5 ಲೀಟರ್ ಇರುತ್ತದೆ. 15 ಲೀಟರಿನ ಟಿನ್ ₹1,950, 15 ಕೆಜಿಯದು ₹2,080 ಇದ್ದರೆ ಎರಡನೆಯದೇ ಅಗ್ಗ: ಲೀಟರಿಗೆ ₹130ರ ಬದಲು ₹126. ‘40% ಆಫ್’ ಎಂಬ ಕೆಂಪಕ್ಷರ ಬಿಟ್ಟು ಹೀಗೆ ಭಾಗಿಸಿ ನೋಡಿ, ಬೀದಿ ಕೊನೆಯ ಅಂಗಡಿಯ ದರದ ಜೊತೆಗೂ ಹೋಲಿಸಿ.

ಅಕ್ಕಿಗೆ ಇನ್ನೊಂದು ಸೂಕ್ಷ್ಮ. 2022ರ ಜುಲೈಯಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಕಾಣುವುದು ಇದೇ ಕಾರಣಕ್ಕೆ. ಆದರೆ ನಮ್ಮ ಜಡಿಮಳೆಯಲ್ಲಿ ಬಾಯಿ ಬಿಚ್ಚಿದ ಚೀಲ ಬೇಗ ಮುಗ್ಗು ಹಿಡಿಯುತ್ತದೆ, ಹುಳು ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳಿಗಾಗುವಷ್ಟೇ ತರಿಸಿ, ಬಂದ ದಿನವೇ ತೂಗಿ ಹಂಚಿ. ಆರ್ಡರ್ ಹಾಕುವವರ ಕೈಗೆ ಹಣ ಮೊದಲೇ ಸೇರಿರಲಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಒಡೆದ ಟಿನ್ ವಾಪಸ್ ಮಾಡಲು ಅದು ಬೇಕಾಗುತ್ತದೆ.

ಪ್ರಶ್ನೆ: ಊಟದ ಕೂಪನ್ ಕೊಂಡಿದ್ದೆ. ಹೋಟೆಲಿನವರು ‘ಆ ಆಫರ್ ಮುಗೀತು’ ಎಂದು ವಾಪಸ್ ಕಳಿಸಿದರು. ಅವಧಿ ಇನ್ನೂ ಇತ್ತು. ಏನು ಮಾಡಲಿ? (ಸಾಗರ)

ಉತ್ತರ: ಕೂಪನ್, ಷರತ್ತುಗಳು, ಹಣ ಕಟ್ಟಿದ ಸಂದೇಶ ಮೂರರದ್ದೂ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಆ ಪುಟ ಮಾಯವಾಗಬಹುದು. ಕೂಪನ್ ಮಾರಿದ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಹಣ ಕಟ್ಟಿದ್ದು, ಆ ಕಂಪನಿಯೇ ಇಲ್ಲ ಎಂದಾದರೆ ಇಷ್ಟೆಲ್ಲ ಕಾಯಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.