ದೇವ್ರೂ ಇರ್ಲಿ, ಎಐನೂ ಇರ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೇಲಿ ಪೂಜೆ, ವ್ರತ, ಹಿರೀಕರ ಮಾತು ಎಲ್ಲಾ ನಡ್ಕೊಂಡು ಬಂದಿದೆ, ನಂಗೂ ಅದು ಇಷ್ಟ. ಹಾಸ್ಟೆಲಲ್ಲಿ ಫ್ರೆಂಡ್ಸು "ಸಂಪ್ರದಾಯದೋನು ನೀನು, ನಿಂಗ್ಯಾಕೋ ಎಐ, ರೋಬೋಟು" ಅಂತಾರೆ. ಎರಡೂ ಒಟ್ಟಿಗೆ ಆಗಲ್ವಾ ಸರ್?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಯಾಕಾಗಲ್ಲ? ನಿಮ್ಮ ಜಿಲ್ಲೇಲೇ ಇರೋ ಶಿವನಸಮುದ್ರ ನೋಡಿ. 1902ರಲ್ಲೇ ಅಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿ ತನಕ, ಹತ್ತತ್ರ 150 ಕಿಲೋಮೀಟರ್, ತಂತಿ ಎಳೆದ್ರು. ಮಾಡಿಸಿದ್ದು ಯಾರು ಅಂದ್ರೆ ದಸರಾಗೆ ಕಂಕಣ ಕಟ್ಕೊಂಡು ವ್ರತ ಮಾಡೋ ಮೈಸೂರು ಅರಮನೆ, ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್, ಅಂದ್ರೆ ಮಗ ದೊಡ್ಡೋನಾಗೋ ತನಕ ರಾಜ್ಯ ನೋಡ್ಕೊಳ್ತಿದ್ದೋರು, ಯೋಜನೆಗೆ ಬೆನ್ನಿಗೆ ನಿಂತೋರು ದಿವಾನ್ ಶೇಷಾದ್ರಿ ಅಯ್ಯರ್. ಮರದ ಅರಮನೆ 1897ರಲ್ಲಿ ಸುಟ್ಟೋದಾಗ್ಲೂ ಅಷ್ಟೆ, ಹೊಸದನ್ನ ಕಲ್ಲು ಕಬ್ಬಿಣದಲ್ಲಿ ಕಟ್ಟಿ 1912ಕ್ಕೆ ಮುಗಿಸಿದ್ರು, ಆಯುಧಪೂಜೆ ಜಂಬೂಸವಾರಿ ಮಾತ್ರ ಬಿಡ್ಲಿಲ್ಲ.

ನನ್ನ ಪ್ರಕಾರ ಸಂಪ್ರದಾಯಸ್ಥ ಅಂದ್ರೆ ಹೊಸದಕ್ಕೆ ಬಾಗಿಲು ಹಾಕೋನಲ್ಲ, ಇರೋದನ್ನ ಕಿತ್ತಾಕೋಕೆ ಮುಂಚೆ ಇದು ಯಾಕಿತ್ತು ಅಂತ ಕೇಳೋನು. ನಮ್ಮ ಕಡೆ ಹಳ್ಳಿಗಳಲ್ಲಿ ಪಂಪ್‌ಸೆಟ್ ಬಂದಾಗ ಈ ಪ್ರಶ್ನೆ ಯಾರೂ ಕೇಳ್ಲಿಲ್ಲ. ಯಾವ ಗದ್ದೆಗೆ ಯಾವಾಗ ನೀರು ಅಂತ ತೂಬು ಎತ್ತಿ ಬಿಡ್ತಿದ್ದ ನೀರುಗಂಟಿ ಬೇಡ್ವಾದ, ಊರೋರೆಲ್ಲ ಸೇರಿ ಕೆರೆ ಹೂಳು ತೆಗೆಯೋದು ನಿಂತೋಯ್ತು, ಕೆರೇಲಿ ನೀರು ನಿಲ್ದೆ ಹೋದ್ಮೇಲೆ ಎಷ್ಟೋ ಊರಲ್ಲಿ ಬೋರ್‌ವೆಲ್ಲೂ ಬತ್ತೋಯ್ತು. ಪಂಪ್‌ಸೆಟ್ ಕೆಟ್ಟದ್ದಲ್ಲ ಕಣಪ್ಪ, ಅದರ ಜೊತೆ ಏನು ಹೋಗುತ್ತೆ ಅಂತ ನೋಡ್ದೇ ಇದ್ದಿದ್ದು ಕೆಟ್ಟದ್ದು. ಎಐ ವಿಷ್ಯದಲ್ಲೂ ಇದನ್ನೇ ಕೇಳಿ. ಕಬ್ಬಿನ ಗರಿ ಫೋಟೋ ತೆಗೆದು ಯಾವ ರೋಗ ಅಂತ ಮೊಬೈಲಲ್ಲಿ ತಿಳ್ಕೊಳ್ಳೋದಾದ್ರೆ ಧಾರಾಳವಾಗಿ ತಿಳ್ಕೊಳ್ಳಿ. ಆದ್ರೆ ಯಾರಿಗೆ ಸಾಲ ಕೊಡ್ಬೇಕು, ಯಾರ ರೇಷನ್ ಕಾರ್ಡ್ ತೆಗೀಬೇಕು ಅಂತ ಮಷೀನ್ ಒಂದೇ ತೀರ್ಮಾನ ಮಾಡ್ಬಿಟ್ರೆ ರೈತ ಹೋಗಿ "ಯಾಕ್ ಸ್ವಾಮಿ ಹಿಂಗ್ಮಾಡಿದ್ರಿ" ಅಂತ ಯಾರನ್ನ ಕೇಳ್ಬೇಕು? ನೀವು ಮುಂದೆ ಅದನ್ನ ಕಟ್ಟೋ ಇಂಜಿನಿಯರ್ ಆಗ್ತೀರಲ್ಲ, ಉತ್ತರ ಹೇಳೋಕೆ ಅಲ್ಲೊಬ್ಬ ಮನುಷ್ಯ ಇರೋ ಹಾಗೆ ಕಟ್ಟಿ.

ಪ್ರಶ್ನೆ: ದೇವರ ಮೇಲೆ ಜೋಕ್ ಮಾಡೋ ರೀಲ್ಸ್ ನೋಡಿದ್ರೆ ಸಂಕಟ ಆಗುತ್ತೆ. ಭಕ್ತಿ ಇರೋರು ನಗಲೇಬಾರದಾ?
– ಗೃಹಿಣಿ, ಕೃಷ್ಣಮೂರ್ತಿಪುರಂ, ಮೈಸೂರು

ಉತ್ತರ: ನಗಬೇಕಮ್ಮ, ನಮ್ಮೋರು ಯಾವಾಗ್ಲೂ ನಕ್ಕಿದ್ದಾರೆ. ನಂಜನಗೂಡಿನ ನಂಜುಂಡನಿಗೂ ಬೆಟ್ಟದ ಚಾಮುಂಡವ್ವಂಗೂ ಇರೋ ಪ್ರೀತಿ ಕಥೆ ಹಳ್ಳಿ ಕಡೆ ಹಾಡೋದು ಕೇಳಿದೀರಾ? ಮನೇಲಿ ಹೆಂಡ್ತೀರು ಇದ್ದೂ ಬೆಟ್ಟದ ಕಡೆ ಹೋಗೋ ಶಿವ, ಅದರ ಜಗಳ, ಬೈಗುಳ, ಕೇಳೋರು ಹೊಟ್ಟೆ ಹಿಡ್ಕೊಂಡು ನಗ್ತಾರೆ, ಅದೇ ಜನ ಬೆಳಿಗ್ಗೆ ಎದ್ದು ಕಪಿಲೇಲಿ ಮುಳುಗಿ ಕೈ ಮುಗೀತಾರೆ. ದಾಸರು ನಿಂದಾಸ್ತುತಿ ಅಂತ ದೇವರನ್ನೇ ಬೈದು ಹಾಡಿಲ್ವಾ. ಅದು ಮನೆಯೋರು ಮನೆಯೋರನ್ನ ರೇಗಿಸೋ ನಗು, ಪ್ರೀತಿ ಇದೆ ಅದರಲ್ಲಿ. ವ್ಯೂಸ್ ಬರ್ಲಿ ಅಂತ ಪಕ್ಕದೋರ ದೇವರನ್ನ ಚುಚ್ಚೋದು ಬೇರೆ, ಅದನ್ನ ಫಾರ್ವರ್ಡ್ ಮಾಡ್ಬೇಡಿ, ನಮ್ಮ ಧರ್ಮದೋರು ಇನ್ನೊಂದು ಧರ್ಮದೋರ ಬಗ್ಗೆ ಮಾಡಿದ್ರೂ ಮಾಡ್ಬೇಡಿ.

ಪ್ರಶ್ನೆ: ಸಂಪ್ರದಾಯ ನಂಬೋರು ಒಂದೇ ಪಾರ್ಟಿಗೆ ವೋಟ್ ಹಾಕ್ಬೇಕಾ?
– ನಿವೃತ್ತ ಮೇಷ್ಟ್ರು, ಪಾಂಡವಪುರ

ಉತ್ತರ: ಖಂಡಿತ ಇಲ್ಲ ಮೇಷ್ಟ್ರೇ. ಸ್ವಾತಂತ್ರ್ಯ ಹೋರಾಟಗಾರ ರಾಜಾಜಿ (ಸಿ. ರಾಜಗೋಪಾಲಾಚಾರಿ) ದಶಕಗಟ್ಟಲೆ ಕಾಂಗ್ರೆಸ್ಸಲ್ಲಿ ದುಡಿದು 80 ವಯಸ್ಸಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷ ಕಟ್ಟಿದ್ರು. ಧರ್ಮ ಬೇಕು, ಆದ್ರೆ ರೈತನ ಜಮೀನನ್ನ ಸಹಕಾರಿ ಬೇಸಾಯ ಅಂತ ಒಟ್ಟು ಮಾಡೋದು, ಎಲ್ಲಕ್ಕೂ ಲೈಸೆನ್ಸ್ ಪರ್ಮಿಟ್ ಅನ್ನೋದು ಬೇಡ ಅಂದ್ರು. 1967ರಲ್ಲಿ ಲೋಕಸಭೇಲಿ 44 ಸೀಟು ಬಂತು, ಆಮೇಲೆ ಪಕ್ಷ ಉಳೀಲಿಲ್ಲ. ಆದ್ರೆ ಸರ್ಕಾರದ ಕೈ ಎಲ್ಲೀತನಕ ಚಾಚಬಹುದು ಅನ್ನೋ ಪ್ರಶ್ನೆ ಇವತ್ತು ಯಾವ ಪಾರ್ಟಿಯೋರು ವೋಟ್ ಕೇಳೋಕೆ ಬಂದ್ರೂ ಕೇಳ್ಬಹುದು, ಕೇಳಿ.

ಪ್ರಶ್ನೆ: ಎಲೆಕ್ಷನ್ ಟೈಮಲ್ಲಿ ಲೀಡರ್ ವಾಯ್ಸೇ ನಕಲಿ ಮಾಡಿ ವಾಟ್ಸಾಪಲ್ಲಿ ಬಿಟ್ರೆ ಅಪ್ಪ ಅಮ್ಮಂಗೆ ಹೆಂಗೆ ತಿಳಿಸೋದು?
– ಓದುಗರು, ಮದ್ದೂರು

ಉತ್ತರ: ಕೆಲವೇ ಸೆಕೆಂಡುಗಳ ಆಡಿಯೋ ಸಿಕ್ರೆ ಸಾಕು, ಈಗ ಎಐಯಿಂದ ಯಾರ ದನಿ ಬೇಕಾದ್ರೂ ನಕಲು ಮಾಡ್ಬಹುದು, ಅದನ್ನ ಮನೇಲಿ ನಿಮ್ಮದೇ ದನಿ ನಕಲು ಮಾಡಿ ಕೇಳ್ಸಿ, ನೂರು ಸಲ ಹೇಳೋದಕ್ಕಿಂತ ಬೇಗ ಅರ್ಥ ಆಗುತ್ತೆ. ಕೋಪ ಬರ್ಸೋ ಆಡಿಯೋ ಬಂದ್ರೆ ಮಾರನೇ ದಿನದ ಪೇಪರ್ ನೋಡೋ ತನಕ ಯಾರಿಗೂ ಕಳಿಸಬಾರ್ದು ಅಂತ ಮಾತು ತಗೊಳ್ಳಿ.